ಬ್ಯಾಂಕೂ ಬೇಡ, ಷೇರೂ ಬೇಡ, ಯುಎಸ್‌ಡಿಟಿ ಸಾಕು ಅನ್ನೋರಿಗೆ: ದುಡ್ಡು ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?

ಲೆಕ್ಕದಪುಸ್ತಕ (ಚರ್ಚೆ ಆರಂಭಿಸಿದವರು)

ಯುಎಸ್‌ಡಿಟಿ ಅಂದ್ರೆ ಟೆದರ್ ಕಂಪನಿ ಹೊರಡಿಸೋ, ಒಂದು ಡಾಲರಿಗೆ ಸಮ ಅನ್ನೋ ಕ್ರಿಪ್ಟೊ ಕಾಯಿನ್. ಅದರ ಬಗ್ಗೆ ಈ ವಾದ ಈಗ ಎಲ್ಲ ಕಡೆ ಕೇಳಿಸ್ತಿದೆ. "ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 35,000 ರೂಪಾಯಿ ಮಿತಿ ಹಾಕಿದ್ದು ಗೊತ್ತು. ಷೇರು ಬ್ರೋಕರ್ ಕಾರ್ವಿ ಕಥೆ ಗೊತ್ತು. ಷೇರುಪೇಟೆಯ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡ್ಕೊಂಡ್ರು ಅಂತ 2024ರಲ್ಲಿ ಸೆಬಿನೇ ಹೇಳಿದೆ. ಇವರನ್ನೆಲ್ಲ ಯಾಕೆ ನಂಬಬೇಕು? ಯುಎಸ್‌ಡಿಟಿ ತಗೊಂಡು ಫೋನಲ್ಲಿ ಇಟ್ಕೊಂಡ್ರೆ ಯಾರ ಹಂಗೂ ಇಲ್ಲ."

ಸಿಟ್ಟು ನ್ಯಾಯವಾದದ್ದೇ. ಆದರೆ "ಯಾರ ಹಂಗೂ ಇಲ್ಲ" ಅನ್ನೋದು ಸುಳ್ಳು. ರೂಪಾಯಿ ಕೊಟ್ಟು ಯುಎಸ್‌ಡಿಟಿ ತಗೊಂಡು ಮತ್ತೆ ರೂಪಾಯಿ ಮಾಡಿಕೊಳ್ಳೋ ಹೊತ್ತಿಗೆ ಕನಿಷ್ಠ ನಾಲ್ಕು ಕೈ ನಂಬಿರ್ತೀರಿ: ಎಕ್ಸ್‌ಚೇಂಜ್ (ಕ್ರಿಪ್ಟೊ ಕೊಂಡು ಮಾರೋ ಆ್ಯಪ್), ಕಾಯಿನ್ ಹೊರಡಿಸಿದ ಕಂಪನಿ, ಪಿ2ಪಿಯಲ್ಲಿ (ಅಂದ್ರೆ ಜನ ಜನಕ್ಕೇ ನೇರ ಮಾರೋ ಕಡೆ) ಎದುರು ಕೂತಿರೋ ಅಪರಿಚಿತ, ಕೊನೆಗೆ ಮತ್ತೆ ಅದೇ ಬ್ಯಾಂಕು. ಒಂದೊಂದು ಕೈಯಲ್ಲಿ ಏನು ಕೆಡುತ್ತೆ, ಯಾಕೆ ಕೆಡುತ್ತೆ, ಕೆಟ್ಟರೆ ಯಾರ ಬಾಗಿಲು ತಟ್ಟಬೇಕು ಅನ್ನೋದು ಒಂದೇ ಕಡೆ ಸಿಗಲಿ ಅಂತ ಈ ಎಳೆ. ಯಾವ ಕಾಯಿನ್ ಏರುತ್ತೆ ಅನ್ನೋ ಪ್ರಶ್ನೆಗೆ ಇಲ್ಲಿ ಜಾಗ ಇಲ್ಲ. "ನನಗೆ ಹೀಗಾಯ್ತು" ಅನ್ನೋ ಕಥೆಗಳಿಗೆ ಬೇರೆ ಎಳೆ ಇದೆ, ಅಲ್ಲಿ ಹಾಕಿ.

ಡಿಪಿ ಕೌಂಟರ್

ಕಾರ್ವಿ ಹೆಸರು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ಅಲ್ಲಿ ಬ್ರೋಕರ್ ಗ್ರಾಹಕರು ಕೊಟ್ಟ ಪವರ್ ಆಫ್ ಅಟಾರ್ನಿ ಬಳಸಿ ಷೇರುಗಳನ್ನ ತನ್ನ ಡಿಮ್ಯಾಟ್ ಖಾತೆಗೆ ಎಳ್ಕೊಂಡು, ಅಡ ಇಟ್ಟು ಸಾಲ ಎತ್ತಿದ. 2019ರ ನವೆಂಬರಲ್ಲಿ ಸೆಬಿ ಆದೇಶ ಬಂತು. ಮುಂದಿನ ತಿಂಗಳೇ ಷೇರುಗಳ ದಾಖಲೆ ಇಡೋ ಡಿಪಾಸಿಟರಿ ಎನ್‌ಎಸ್‌ಡಿಎಲ್ ಎಂಬತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರ ಖಾತೆಗೆ ಷೇರು ವಾಪಸ್ ಹಾಕ್ತು. ಹೇಗೆ ಸಾಧ್ಯ ಆಯ್ತು? ಷೇರು ಯಾರದ್ದು ಅನ್ನೋ ದಾಖಲೆ ಬ್ರೋಕರ್ ಹತ್ರ ಇರಲಿಲ್ಲ, ಡಿಪಾಸಿಟರಿ ಹತ್ರ ಇತ್ತು. ಬ್ರೋಕರ್ ಬೇರೆ, ಡಿಪಾಸಿಟರಿ ಬೇರೆ, ಕ್ಲಿಯರಿಂಗ್ (ವಹಿವಾಟು ಚುಕ್ತಾ ಮಾಡೋರು) ಬೇರೆ, ಎಕ್ಸ್‌ಚೇಂಜ್ ಬೇರೆ. 2020ರ ಸೆಪ್ಟೆಂಬರಿಂದ ಮಾರ್ಜಿನ್‌ಗೆ (ವಹಿವಾಟಿನ ಭದ್ರತೆಗೆ) ಷೇರು ಅಡ ಇಡಬೇಕಾದ್ರೂ ಅದು ನಿಮ್ಮ ಖಾತೆಯಲ್ಲೇ ಇರುತ್ತೆ, ಮೇಲೆ ಅಡಮಾನದ ಗುರುತು ಬೀಳುತ್ತೆ, ಒಟಿಪಿ ನೀವೇ ಕೊಡಬೇಕು.

ಕ್ರಿಪ್ಟೊ ಎಕ್ಸ್‌ಚೇಂಜಲ್ಲಿ ಈ ನಾಲ್ಕೂ ಕೆಲಸ ಬಹುಮಟ್ಟಿಗೆ ಒಂದೇ ಕಂಪನಿಯದ್ದು. ನಿಮ್ಮ ಆ್ಯಪಲ್ಲಿ ಕಾಣೋ ಬ್ಯಾಲೆನ್ಸ್ ಆ ಕಂಪನಿಯ ಲೆಕ್ಕದ ಒಂದು ಸಾಲು ಅಷ್ಟೇ. 2024ರ ಜುಲೈ 18ರಂದು ವಜೀರ್‌ಎಕ್ಸ್ ಅನ್ನೋ ಎಕ್ಸ್‌ಚೇಂಜಿಂದ ಸುಮಾರು 23.5 ಕೋಟಿ ಡಾಲರ್ ಹೋಯ್ತು, ಅಂದ್ರೆ ಅವರ ಹತ್ರ ಇದ್ದ ಆಸ್ತಿಯ ಹತ್ತಿರ ಹತ್ತಿರ ಅರ್ಧ. ಹೋದದ್ದು ಮಲ್ಟಿಸಿಗ್ ವ್ಯಾಲೆಟ್ಟಿಂದ, ಅಂದ್ರೆ ಹಲವರ ಸಹಿ ಬಿದ್ರೆ ಮಾತ್ರ ತೆರೆಯೋ ಕಾಯಿನ್ ಚೀಲದಿಂದ: ಆರು ಸಹಿದಾರರು, ಐದು ಜನ ವಜೀರ್‌ಎಕ್ಸ್ ಕಡೆ, ಒಬ್ಬರು ಕಸ್ಟಡಿ ಕಂಪನಿ ಲಿಮಿನಲ್ ಕಡೆ. ಪರದೆ ಮೇಲೆ ಕಂಡದ್ದೇ ಬೇರೆ, ಸಹಿ ಬಿದ್ದದ್ದೇ ಬೇರೆ ಅನ್ನೋದು ವಜೀರ್‌ಎಕ್ಸ್ ವಿವರಣೆ. ತಮ್ಮ ಕಡೆಯಿಂದ ಲೋಪ ಇಲ್ಲ ಅನ್ನೋದು ಲಿಮಿನಲ್ ವಾದ. ಒಟ್ಟಿನಲ್ಲಿ ಸಹಿ ಬಿದ್ದ ಮೇಲೆ ವ್ಯಾಲೆಟ್ಟಿನ ಕಾಂಟ್ರ್ಯಾಕ್ಟೇ (ಅದನ್ನ ನಡೆಸೋ ಪ್ರೋಗ್ರಾಂ) ಬದಲಾಗಿ ಪೂರ್ತಿ ಹಿಡಿತ ಕಳ್ಳರ ಕೈಗೆ ಹೋಯ್ತು. ಆಮೇಲೆ ಇತ್ಯರ್ಥ ಆಗಿದ್ದು ಸಿಂಗಪುರದ ಕೋರ್ಟಲ್ಲಿ, ಯಾಕಂದ್ರೆ ಮಾತೃ ಕಂಪನಿ ಅಲ್ಲಿಯದು. ವ್ಯವಹಾರ ಮತ್ತೆ ಶುರುವಾಗಿದ್ದು 2025ರ ಅಕ್ಟೋಬರ್ ಕೊನೆಗೆ. ಸಿಕ್ಕಿದ್ದು ಒಂದು ಪಾಲು, ಉಳಿದದ್ದಕ್ಕೆ ಮುಂದೆ ಹಣ ಬಂದ್ರೆ ಕೊಡ್ತೀವಿ ಅನ್ನೋ ರಿಕವರಿ ಟೋಕನ್.

ಅಲ್ಲಿ ವಾರಗಳ ಕೆಲಸ, ಇಲ್ಲಿ ಹದಿನೈದು ತಿಂಗಳು. ವ್ಯತ್ಯಾಸ ಪ್ರಾಮಾಣಿಕತೆಯದ್ದಲ್ಲ, ದಾಖಲೆ ಯಾರ ಕೈಯಲ್ಲಿದೆ ಅನ್ನೋದರದ್ದು.

ಧಾರವಾಡ ಪೇಡೆ

ನಿಮ್ಮ ಮಾತು ಖರೆ ಐತ್ರಿ, ಆದ್ರ ಒಂದು ಕಡೀಗಷ್ಟ ಹೇಳೀರಿ. ಸಹಕಾರಿ ಬ್ಯಾಂಕಿನ ಠೇವಣಿದಾರರು ವರ್ಷಗಟ್ಟಲೆ ಅಲೆದಾಡಿದ್ದು ಸುಳ್ಳೇನು? ಅಲ್ಲೂ ರಿಸರ್ವ್ ಬ್ಯಾಂಕ್ ಇತ್ತು, ಆಡಿಟರ್ ಇದ್ರು. ಸರ್ಕಾರದ ಮುದ್ರಿ ಇದ್ದ ಮ್ಯಾಲೂ ಹಿಂಗಾದ್ರ ಮಂದಿ ಬ್ಯಾರೆ ದಾರಿ ಹುಡುಕ್ತಾರ್ರಿ, ಅದು ತಪ್ಪಲ್ಲ.

ಡಿಪಿ ಕೌಂಟರ್

ಧಾರವಾಡದವರೇ, ತಪ್ಪು ಅಂದಿಲ್ಲ. ಆದ್ರೆ ಆ ಅನುಭವದಿಂದ ಕಾನೂನು ಬದಲಾಗಿದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಠೇವಣಿ ವಿಮೆ 2020ರ ಫೆಬ್ರವರಿ 4ರಿಂದ 1 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಅಸಲು-ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆ ಸೇರಿ ಒಬ್ಬರಿಗೆ 5 ಲಕ್ಷ. 2021ರ ತಿದ್ದುಪಡಿ ಆದ ಮೇಲೆ ಬ್ಯಾಂಕ್ ಮುಚ್ಚೋವರೆಗೆ ಕಾಯಬೇಕಿಲ್ಲ; ವಿತ್‌ಡ್ರಾವಲ್ ತಡೆ ಬಿದ್ದ 90 ದಿನದೊಳಗೆ ವಿಮೆ ಹಣ ಕೊಡಬೇಕು.

ಇದರಲ್ಲಿ ನಮ್ಮ ರಾಜ್ಯದವರು ಮೋಸಹೋಗೋ ಜಾಗ ಒಂದಿದೆ. ಈ ವಿಮೆ ಬ್ಯಾಂಕಿಗೆ ಮಾತ್ರ. ಪತ್ತಿನ ಸಹಕಾರ ಸಂಘ, ಸೌಹಾರ್ದ ಪತ್ತಿನ ಸಹಕಾರಿ ಇವುಗಳಿಗೆ ಇಲ್ಲ. ಬೋರ್ಡಲ್ಲಿ ಎಷ್ಟೇ ದೊಡ್ಡ ಅಕ್ಷರ ಇರಲಿ, ಬಡ್ಡಿ ಎರಡು ಪರ್ಸೆಂಟ್ ಜಾಸ್ತಿ ಇರಲಿ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯಾ, ಠೇವಣಿ ವಿಮೆ ಕೊಡೋ ಡಿಐಸಿಜಿಸಿ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಸಂಘದಲ್ಲಿ ಕಳ್ಕೊಂಡು "ಬ್ಯಾಂಕ್ ಮುಳುಗಿಸ್ತು" ಅನ್ನೋರು ಬೇಕಾದಷ್ಟು ಜನ ಇದ್ದಾರೆ.

ಷೇರು ವಿಷಯದಲ್ಲೂ ಹಾಗೇ. ಬ್ರೋಕರ್ ಆ್ಯಪ್ ತೋರಿಸೋದನ್ನ ನಂಬಬೇಕಾಗಿಲ್ಲ. ಸಿಡಿಎಸ್‌ಎಲ್‌ನ ಈಸಿ ಅಥವಾ ಎನ್‌ಎಸ್‌ಡಿಎಲ್‌ನ ಐಡಿಯಾಸ್ ಲಾಗಿನ್ ಮಾಡ್ಕೊಂಡು ನೇರ ಡಿಪಾಸಿಟರಿಯಲ್ಲೇ ನೋಡಿ. ವಹಿವಾಟು ಇದ್ದ ತಿಂಗಳು ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟ್ ಬರುತ್ತೆ, ಅದನ್ನ ಬ್ರೋಕರ್ ಲೆಡ್ಜರ್ ಜೊತೆ ಹೋಲಿಸಿ. ತಾಳೆ ಆಗದಿದ್ರೆ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರು.

ಠಾಣೆ ಬಾಗಿಲು

ನಾಲ್ಕು ಕೈಗಳಲ್ಲಿ ಅತಿ ಹೆಚ್ಚು ಜನ ಸಿಕ್ಕಿಬೀಳೋದು ಮೂರನೇದರಲ್ಲಿ, ಅಂದ್ರೆ ಪಿ2ಪಿ. ಖಾತೆ ಫ್ರೀಜ್ ಆಗೋದು ಹೇಗೆ ಅಂತ ಬಿಡಿಸಿ ಹೇಳ್ತೀನಿ.

ಎಲ್ಲೋ ಒಬ್ಬರಿಗೆ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿ ಐದು ಲಕ್ಷ ಕಿತ್ಕೋತಾರೆ. ಆ ಹಣ ಬಾಡಿಗೆ ಖಾತೆಯೊಂದಕ್ಕೆ ಹೋಗಿ, ಅಲ್ಲಿಂದ ನಾಲ್ಕೈದು ಖಾತೆಗೆ ಒಡೆದು ಹೋಗುತ್ತೆ. ಮೂರನೇ ಹಂತದಲ್ಲಿ ವಂಚಕ ಪಿ2ಪಿಗೆ ಬಂದು ನಿಮ್ಮ 500 ಯುಎಸ್‌ಡಿಟಿ ಕೊಳ್ತಾನೆ. ರೂಪಾಯಿ ನಿಮ್ಮ ಖಾತೆಗೆ, ಯುಎಸ್‌ಡಿಟಿ ಅವನಿಗೆ. ಕಳ್ಕೊಂಡವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ತಕ್ಷಣ ದೂರು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಿಗೆ ಏರುತ್ತೆ, ಹಣ ಹರಿದ ದಾರಿಯಲ್ಲಿರೋ ಒಂದೊಂದು ಬ್ಯಾಂಕಿಗೂ ಸಂದೇಶ ಹೋಗುತ್ತೆ, ಒಂದೊಂದು ಹಂತದ ಖಾತೆಗೂ ತಡೆ ಬೀಳುತ್ತೆ. ನೀವು ಮೂರನೇ ಅಥವಾ ನಾಲ್ಕನೇ ಹಂತ. ವಂಚಕ ನಿಮ್ಮ ಕಾಯಿನ್ ಆಗಲೇ ಬೇರೆ ಕಡೆ ಸಾಗಿಸಿರ್ತಾನೆ.

ತಡೆ ಎರಡು ಥರ. ಲೀನ್ ಅಂದ್ರೆ ವಿವಾದದ ಮೊತ್ತ ಮಾತ್ರ ಹಿಡಿದಿಡೋದು, ಉಳಿದದ್ದು ಬಳಸಬಹುದು. ಡೆಬಿಟ್ ಫ್ರೀಜ್ ಅಂದ್ರೆ ಒಂದು ಪೈಸೆನೂ ಹೊರಗೆ ಹೋಗಲ್ಲ, ಒಳಗೆ ಬರ್ತಾನೇ ಇರುತ್ತೆ. ಸಂಬಳದ ಖಾತೆಯಾದ್ರೆ ಇಎಂಐ ಬೌನ್ಸ್, ಮಕ್ಕಳ ಫೀಸಿಗೂ ದುಡ್ಡಿಲ್ಲ. ಪೊಲೀಸರು ಬಳಸೋ ಅಧಿಕಾರ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 106, ಹಳೇ ಸಿಆರ್‌ಪಿಸಿಯಲ್ಲಿ 102.

ಮಾರೋ ಮುಂಚೆ ನೋಡಬೇಕಾದ್ದು:

ದುಡ್ಡು ಕಳಿಸಿದ ಬ್ಯಾಂಕ್ ಖಾತೆಯ ಹೆಸರೂ ಎಕ್ಸ್‌ಚೇಂಜ್ ಆರ್ಡರಲ್ಲಿ ಕಾಣೋ ಕೆವೈಸಿ ಹೆಸರೂ ಒಂದೇ ಇರಬೇಕು. "ನನ್ನ ತಮ್ಮನ ಖಾತೆ ಸರ್" ಅಂದ್ರೆ ಬೇಡ. "ಎಂಟರ್‌ಪ್ರೈಸಸ್", "ಟ್ರೇಡರ್ಸ್" ಅಂತ ಕರೆಂಟ್ ಅಕೌಂಟಿಂದ ಬಂದ್ರೆ ಬೇಡ. ಒಂದೇ ಆರ್ಡರಿಗೆ ಮೂರು ಕಡೆಯಿಂದ ಚೂರುಚೂರು ಬಂದ್ರೆ ಬೇಡ. ಹಾಗೆ ಬಂದುಬಿಟ್ರೆ ಕಾಯಿನ್ ಬಿಡಬೇಡಿ, ಅಪೀಲ್ ಹಾಕಿ, ಹಣ ಬಂದ ಖಾತೆಗೇ ವಾಪಸ್ ಕಳಿಸಿ. "ಬೇರೆ ನಂಬರಿಗೆ ಹಾಕಿ" ಅಂದ್ರೆ ಖಂಡಿತ ಬೇಡ. ಹಾಕಿದ್ರೆ ಮುಂದಿನ ಹಂತದ ಖಾತೆಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಮಾರುಕಟ್ಟೆ ದರಕ್ಕಿಂತ ಗಮನಾರ್ಹವಾಗಿ ಜಾಸ್ತಿ ಕೊಡೋನು ದಾನಿ ಅಲ್ಲ. ಕದ್ದ ದುಡ್ಡಲ್ಲಿ ಮೂರು ರೂಪಾಯಿ ಹೆಚ್ಚು ಕೊಟ್ರೆ ಅವನಿಗೇನು ನಷ್ಟ?

ಹಣ ಬಂತಾ ಅಂತ ಬ್ಯಾಂಕ್ ಆ್ಯಪ್ ತೆರೆದೇ ನೋಡಿ. ಎಸ್ಎಂಎಸ್ ಯಾರು ಬೇಕಾದ್ರೂ ಕಳಿಸಬಹುದು. ಪಿ2ಪಿಗೆ ಬೇರೆ ಖಾತೆ ಇಡಿ, ಬೇರೆ ಬ್ಯಾಂಕಲ್ಲೇ ಇಡಿ. ಒಂದೇ ಕಸ್ಟಮರ್ ಐಡಿ ಆದ್ರೆ ಎಲ್ಲ ಖಾತೆಗೂ ಬೀಗ ಬೀಳಬಹುದು. ಬಂದ ಹಣವನ್ನ ಅದೇ ದಿನ ಸಂಬಳದ ಖಾತೆಗೆ ವರ್ಗಾಯಿಸಬೇಡಿ. ವರ್ಗಾಯಿಸಿದ್ರೆ ಆ ಖಾತೆಯೇ ಮುಂದಿನ ಹಂತ ಆಗುತ್ತೆ, ತಡೆ ಅಲ್ಲಿಗೂ ಬರುತ್ತೆ.

ಹಳೇಪೇಟೆ

ಠಾಣೆಯವರೇ, ಫ್ರೀಜ್ ಆಗೇಬಿಟ್ಟಿದ್ರೆ? ಬ್ಯಾಂಕಲ್ಲಿ ಕೇಳಿದ್ರೆ "ಪೊಲೀಸ್ ಕೇಸು, ನಮಗೇನೂ ಗೊತ್ತಿಲ್ಲ" ಅನ್ನೋದು ಮಾಮೂಲು.

ಠಾಣೆ ಬಾಗಿಲು

ಗೊತ್ತಿರುತ್ತೆ. ಬಾಯಿಮಾತಲ್ಲಿ ಕೇಳಬೇಡಿ, ಶಾಖೆಗೆ ಲಿಖಿತ ಅರ್ಜಿ ಕೊಟ್ಟು ನಕಲಿಗೆ ಸೀಲು ಹಾಕಿಸ್ಕೊಳ್ಳಿ. ಕೇಳಬೇಕಾದ್ದು ನಾಲ್ಕೇ: ಪೋರ್ಟಲ್ ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ ಮತ್ತು ಅವರ ಇಮೇಲ್, ಎಷ್ಟು ಮೊತ್ತಕ್ಕೆ ತಡೆ, ಯಾವ ಜಮೆಯ ಮೇಲೆ ಅಂದ್ರೆ ಅದರ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆ. ಶಾಖೆ ಕೊಡದಿದ್ರೆ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೀರಿ.

ಆಮೇಲೆ ಆ ಯುಟಿಆರಿಗೆ ಹೊಂದೋ ಪಿ2ಪಿ ಆರ್ಡರ್ ಹುಡುಕಿ ಒಂದು ಕಡತ ಮಾಡಿ: ಆರ್ಡರ್ ಸಂಖ್ಯೆ ಇರೋ ಪುಟ, ಪೂರ್ತಿ ಚಾಟ್, ಎದುರಿನವರ ಕೆವೈಸಿ ಹೆಸರು, ಕಾಯಿನ್ ಬಿಡುಗಡೆಯಾದ ಸಮಯ, ಆ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಆ ಕಾಯಿನ್ ನಿಮಗೆ ಮೊದಲು ಎಲ್ಲಿಂದ ಬಂತು ಅನ್ನೋ ದಾಖಲೆ, ತೆರಿಗೆ ಇಲಾಖೆಯ 26ಎಎಸ್‌ ಪಟ್ಟಿಯಲ್ಲಿ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಾಣೋ ಪುಟ. ಕೊನೆಯದ್ದನ್ನ ಜನ ಹಗುರವಾಗಿ ತಗೋತಾರೆ. ತೆರಿಗೆ ಇಲಾಖೆಗೆ ತೋರಿಸಿದ ವ್ಯವಹಾರ ಅನ್ನೋದು ತನಿಖಾಧಿಕಾರಿ ಎದುರು ದೊಡ್ಡ ಆಧಾರ. ಇದನ್ನೆಲ್ಲ ಒಂದೇ ಪಿಡಿಎಫ್ ಮಾಡಿ, ಮೊದಲ ಪುಟದಲ್ಲಿ ಹತ್ತು ಸಾಲಿನ ಸಾರಾಂಶ ಬರೆದು ಇಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟಲ್ಲೂ ಕಳಿಸಿ.

ಖಾತೆ ಪೂರ್ತಿ ಬಂದ್ ಆಗಿದ್ರೆ ಮೊದಲ ಬೇಡಿಕೆ "ತಡೆ ತೆಗೀರಿ" ಅಂತ ಇರೋದು ಬೇಡ, "ವಿವಾದದ ಮೊತ್ತಕ್ಕೆ ಮಾತ್ರ ಇಳಿಸಿ" ಅಂತ ಇರಲಿ. ಅದು ಬೇಗ ಆಗುತ್ತೆ. ಕೋರಿಕೆಯಲ್ಲಿ ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಬೇಕು ಅಂತ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅರ್ಜಿಯಲ್ಲಿ ಅದನ್ನ ಉಲ್ಲೇಖಿಸಿ. ಪೊಲೀಸರು ಉತ್ತರ ಕೊಡದಿದ್ರೆ ಆ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಮುಂದೆ ಕಲಂ 503ರ ಅರ್ಜಿ, ಹಳೇ 457. ಠಾಣೆ ಗುಜರಾತಲ್ಲೋ ತೆಲಂಗಾಣದಲ್ಲೋ ಇದ್ರೆ ಅಲ್ಲಿಗೇ ವಕೀಲರನ್ನ ಹಿಡಿಯಬೇಕಾಗುತ್ತೆ, ಖರ್ಚು ಸಿಕ್ಕಿಬಿದ್ದ ಹಣಕ್ಕಿಂತ ಜಾಸ್ತಿ ಆಗೋದೂ ಉಂಟು.

"ಸೈಬರ್ ಠಾಣೆಯಿಂದ, 20 ಸಾವಿರ ಕೊಟ್ರೆ ಇವತ್ತೇ ತೆಗೀತೀವಿ" ಅಂತ ವಾಟ್ಸ್‌ಆ್ಯಪ್ ಕರೆ ಬಂದ್ರೆ ಅದು ಎರಡನೇ ವಂಚನೆ. ಸರ್ಕಾರಿ ಡೊಮೈನಿನ ಇಮೇಲ್, ಠಾಣೆಯ ಲ್ಯಾಂಡ್‌ಲೈನ್ ಇವೆರಡರಲ್ಲಿ ಖಾತ್ರಿ ಮಾಡ್ಕೊಳ್ಳದೆ ಯಾರ ಹತ್ರನೂ ಮಾತು ಮುಂದುವರಿಸಬೇಡಿ.

ಬೈಂದೂರು ಬದಿ

ಗಲ್ಫ್ ಕಡೆಯವ್ರ ಪ್ರಶ್ನೆ ಒಂದಿತ್ತ್. ದುಬೈ, ಕುವೈತಲ್ಲಿ ಇಪ್ಪೋರು ಎಕ್ಸ್‌ಚೇಂಜ್ ಹೌಸಿಗಿಂತ (ಊರಿಗೆ ಹಣ ಕಳ್ಸು ಅಂಗ್ಡಿ) ಯುಎಸ್‌ಡಿಟಿಯಂಗೆ ಕಳ್ಸಿರೆ ರೇಟ್ ಚಲೋ ಸಿಕ್ಕತ್ತ್ ಅಂಬ್ರ್. ಊರಂಗೆ ಹೆಂಡ್ತಿ ಪಿ2ಪಿಯಂಗೆ ಮಾರಿ ರೂಪಾಯಿ ತಕಂಬುದ್. ಇದ್ರಂಗೆ ತೊಂದ್ರೆ ಎಂಥದ್?

ಠಾಣೆ ಬಾಗಿಲು

ಮೊದಲನೇ ತೊಂದರೆ ಮೇಲೆ ಹೇಳಿದ್ದೇ, ಆದ್ರೆ ಬೀಗ ಬೀಳೋದು ಮನೆಯವರ ಖಾತೆಗೆ. ದುಡಿಯೋನು ಅಲ್ಲಿ, ನೋಟಿಸು ಇಲ್ಲಿ.

ರೇಟಿನ ವಿಷಯಕ್ಕೆ ಬಂದ್ರೆ, ಭಾರತದಲ್ಲಿ ಯುಎಸ್‌ಡಿಟಿ ಸಾಮಾನ್ಯವಾಗಿ ಡಾಲರಿನ ಬ್ಯಾಂಕ್ ದರಕ್ಕಿಂತ ಮೇಲೆ ನಡೆಯುತ್ತೆ, ಅದು ನಿಜ. ಆ ಹೆಚ್ಚುವರಿ ಪುಕ್ಕಟೆ ಅಲ್ಲ, ಈ ಅಪಾಯದ ಬೆಲೆ.

ಸಿಎ ದಾವಣಗೆರೆ

ಬೈಂದೂರಿನವರೇ, ಇನ್ನೂ ಮೂರು ಸೇರಿಸ್ತೀನಿ.

ಎನ್‌ಆರ್‌ಇ ಖಾತೆಗೆ (ಅನಿವಾಸಿಗಳ ಖಾತೆ) ಜಮೆ ಆಗಬೇಕಾದ್ದು ವಿದೇಶದಿಂದ ಬ್ಯಾಂಕ್ ದಾರಿಯಲ್ಲಿ ಬಂದ ಹಣ. ಪಿ2ಪಿ ಕೊಳ್ಳುಗ ಯುಪಿಐಯಲ್ಲಿ ಹಾಕೋದು ಸ್ಥಳೀಯ ರೂಪಾಯಿ. ಅದನ್ನ ಎನ್‌ಆರ್‌ಇಗೆ ಹಾಕೋ ಹಾಗಿಲ್ಲ. ಅಲ್ಲಿಗೆ ತೆರಿಗೆ ಇಲ್ಲದ ಬಡ್ಡಿ ಹೋಯ್ತು, ಬೇಕಾದಾಗ ಪೂರ್ತಿ ಹಣ ಹೊರಗೆ ಒಯ್ಯೋ ಸೌಲಭ್ಯ ಹೋಯ್ತು.

ಎರಡು, ಹೊರದೇಶದಲ್ಲಿರೋರ ಪರವಾಗಿ ಇಲ್ಲಿ ಯಾರೋ ಕೊಟ್ಟ ಹಣವನ್ನ ಬ್ಯಾಂಕಿನಂಥ ಅಧಿಕೃತ ಡೀಲರ್ ದಾರಿ ಬಿಟ್ಟು ಪಡೆಯೋದಕ್ಕೆ ವಿದೇಶಿ ವಿನಿಮಯದ ಕಾಯಿದೆ ಫೆಮಾದ ಕಲಂ 3 ಅಡ್ಡ ಇದೆ. ಹವಾಲಾ ಹಿಡಿಯೋದು ಅದೇ ಕಲಮಿನಲ್ಲಿ. ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು.

ಮೂರನೇದು ತಡವಾಗಿ ಕಾಡುತ್ತೆ. ಊರಲ್ಲಿ ಸೈಟ್ ತಗೊಳ್ಳೋವಾಗ, ಗೃಹಸಾಲಕ್ಕೆ ಹೋದಾಗ ಹಣದ ಮೂಲ ಕೇಳ್ತಾರೆ. ಬ್ಯಾಂಕ್ ಮೂಲಕ ಬಂದಿದ್ರೆ ಇನ್‌ವರ್ಡ್ ರೆಮಿಟೆನ್ಸ್ ಪತ್ರ ಸಿಗುತ್ತೆ. ಪಿ2ಪಿಯಲ್ಲಿ ಬಂದಿದ್ರೆ ಹೆಸರೇ ಕೇಳದ ಹದಿನೈದು ಜನರಿಂದ ಬಂದ ಜಮೆಗಳ ಪಟ್ಟಿ ಮಾತ್ರ. ಎಕ್ಸ್‌ಚೇಂಜ್ ಹೌಸಿನ ಎಂಟಿಎಸ್ಎಸ್ (ವಿದೇಶದಿಂದ ಮನೆಗೆ ಹಣ ಕಳಿಸೋ ಯೋಜನೆ) ದಾರಿಯಲ್ಲಿ ಒಂದು ಸಲಕ್ಕೆ 2,500 ಡಾಲರ್, ಒಬ್ಬರಿಗೆ ವರ್ಷಕ್ಕೆ 30 ಸಲ ಅನ್ನೋ ಮಿತಿ ಇದೆ. ದೊಡ್ಡ ಮೊತ್ತಕ್ಕೆ ನೇರ ಎನ್‌ಆರ್‌ಇ ಖಾತೆಗೆ ಬ್ಯಾಂಕ್ ವರ್ಗಾವಣೆ ಸರಿ.

ಹಳೇಪೇಟೆ

ಸಿಎ ಸರ್, ತೆರಿಗೆನೂ ಹೇಳಿಬಿಡಿ. "ಒಟ್ಟಾರೆ ಲಾಭನೇ ಇಲ್ಲ, ತೆರಿಗೆ ಯಾಕೆ" ಅಂತ ಎಲ್ಲರೂ ಕೇಳ್ತಾರೆ.

ಸಿಎ ದಾವಣಗೆರೆ

ಹೇಳ್ತೀನಿ. ಕಲಂ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯಿದೆಯವು. 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿ, ಅಲ್ಲಿಂದಾಚೆಗಿನ ವ್ಯವಹಾರಕ್ಕೆ ಹೊಸ ಸಂಖ್ಯೆ, ಹೊಸ ನಮೂನೆ ನೋಡ್ಕೊಳ್ಳಿ.

ಕಲಂ 115ಬಿಬಿಎಚ್ ಪ್ರಕಾರ ಕ್ರಿಪ್ಟೊ ಲಾಭದ ಮೇಲೆ 30 ಪರ್ಸೆಂಟ್, ಅದರ ಮೇಲೆ 4 ಪರ್ಸೆಂಟ್ ಸೆಸ್. ಕೊಂಡ ಬೆಲೆ ಬಿಟ್ಟು ಬೇರೇನೂ ಕಳೆಯೋ ಹಾಗಿಲ್ಲ. ಒಂದು ಕಾಯಿನ್ನಿನ ನಷ್ಟ ಇನ್ನೊಂದು ಕಾಯಿನ್ನಿನ ಲಾಭಕ್ಕೂ ವಜಾ ಆಗಲ್ಲ, ಮುಂದಿನ ವರ್ಷಕ್ಕೂ ಹೋಗಲ್ಲ. ಲೆಕ್ಕ ನೋಡಿ: ಬಿಟ್‌ಕಾಯಿನ್ 1,00,000ಕ್ಕೆ ಕೊಂಡು 1,40,000ಕ್ಕೆ ಮಾರಿದ್ರಿ. ಈಥರ್ 1,00,000ಕ್ಕೆ ಕೊಂಡು 60,000ಕ್ಕೆ ಮಾರಿದ್ರಿ. ಹಾಕಿದ್ದು ಎರಡು ಲಕ್ಷ, ಬಂದದ್ದು ಎರಡು ಲಕ್ಷ. ತೆರಿಗೆ 40,000ದ ಮೇಲೆ 12,000, ಸೆಸ್ 480, ಒಟ್ಟು 12,480. ಎರಡೂ ಮಾರಾಟದಲ್ಲಿ 1 ಪರ್ಸೆಂಟ್ ಟಿಡಿಎಸ್ 2,000 ಆಗಲೇ ಹಿಡಿದಿದ್ರೆ ಇನ್ನು ಕಟ್ಟಬೇಕಾದ್ದು 10,480. ಲಾಭ ಸೊನ್ನೆ ಇದ್ದು ಕೈಯಿಂದ ಕಟ್ಟೋದು ಅಂದ್ರೆ ಇದೇ.

ಬೇರೆ ಆದಾಯವೇ ಇಲ್ಲದ ಅಮ್ಮನ ಹೆಸರಲ್ಲಿ, ಹೆಂಡತಿ ಹೆಸರಲ್ಲಿ ಮಾಡಿದ್ರೆ ತಪ್ಪಿಸ್ಕೊಳ್ಳಬಹುದು ಅನ್ನೋದು ಭ್ರಮೆ. ಮೂಲ ವಿನಾಯಿತಿ ಮಿತಿ ಈ ಆದಾಯಕ್ಕೆ ಅನ್ವಯ ಆಗಲ್ಲ, ಮೊದಲ ರೂಪಾಯಿಂದಲೇ 30 ಪರ್ಸೆಂಟ್. ಹೆಂಡತಿಗೆ ನೀವೇ ಹಣ ಕೊಟ್ಟಿದ್ರೆ ಕಲಂ 64ರಲ್ಲಿ ನಿಮ್ಮ ಆದಾಯಕ್ಕೇ ಸೇರುತ್ತೆ.

ಟಿಡಿಎಸ್‌ದು ಕಲಂ 194ಎಸ್. ಭಾರತದ ಎಕ್ಸ್‌ಚೇಂಜ್ ಆದ್ರೆ ಅವರೇ ಹಿಡೀತಾರೆ. ಕೈಯಿಂದ ಕೈಗೆ ಕೊಂಡ್ರೆ ಕೊಂಡವನೇ ಹಿಡಿಯಬೇಕು. ಸಂಬಳದಾರರಿಗೆ ವರ್ಷಕ್ಕೆ 50,000 ದಾಟಿದ ಮೇಲೆ. ದೊಡ್ಡ ವ್ಯಾಪಾರ ಇರೋರಿಗೆ 10,000. ಮಾರಿದವರ ಪ್ಯಾನ್ ಇಲ್ಲದಿದ್ರೆ 1 ಅಲ್ಲ, 20 ಪರ್ಸೆಂಟ್. ನಮೂನೆ 26ಕ್ಯೂಇ, ತಿಂಗಳು ಮುಗಿದ 30 ದಿನದೊಳಗೆ. ತಡ ಮಾಡಿದ್ರೆ ದಿನಕ್ಕೆ 200 ರೂಪಾಯಿ, ಟಿಡಿಎಸ್ ಮೊತ್ತ ಮುಟ್ಟೋವರೆಗೆ. ಕಾಯಿನ್ ಕೊಟ್ಟು ಕಾಯಿನ್ ತಗೊಂಡ್ರೂ ಮಾರಾಟವೇ, ಅದೂ ಲೆಕ್ಕಕ್ಕೆ ಬರುತ್ತೆ.

ವ್ಯಕ್ತಿಗಳ ರಿಟರ್ನಲ್ಲಿ ಷೆಡ್ಯೂಲ್ ವಿಡಿಎ (ಕ್ರಿಪ್ಟೊ ಲೆಕ್ಕದ ಭಾಗ) ಇರೋದು ಐಟಿಆರ್-2 ಮತ್ತು 3ರಲ್ಲಿ ಮಾತ್ರ. ಐಟಿಆರ್-1 ಹಾಕಿ ಸುಮ್ಮನಾದ್ರೆ ಎಐಎಸ್ (ಇಲಾಖೆ ಹತ್ರ ಇರೋ ನಿಮ್ಮ ವಹಿವಾಟಿನ ಪಟ್ಟಿ) ಜೊತೆ ತಾಳೆ ಆಗದೆ ನೋಟಿಸ್ ಬರುತ್ತೆ. ವಿದೇಶಿ ಎಕ್ಸ್‌ಚೇಂಜಲ್ಲಿ ಕಾಯಿನ್ ಇದ್ರೆ ಷೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ಭಾಗ) ಕೂಡ ತುಂಬೋದು ಕ್ಷೇಮ.

ಧಾರವಾಡ ಪೇಡೆ

ಹಂಗಾದ್ರ ಕ್ರಿಪ್ಟೊ ಕೊಟ್ಟು ಚಾ ಕುಡೀಲಿಕ್ಕೂ ಬರಾಂಗಿಲ್ಲ ಅನ್ರಿ!

ಸಿಎ ದಾವಣಗೆರೆ

ಕುಡೀಬಹುದು. ಆ 15 ರೂಪಾಯಿ ಚಾಕ್ಕೆ ಕೊಟ್ಟ ಚೂರು ಕಾಯಿನ್ ಎಷ್ಟಕ್ಕೆ ಕೊಂಡದ್ದು ಅಂತ ಷೆಡ್ಯೂಲ್ ವಿಡಿಎಯಲ್ಲಿ ಒಂದು ಸಾಲು ಬರೀಬೇಕು ಅಷ್ಟೇ.

ಬ್ಲಾಕ್ ಎಣಿಸೋನು

ದಿನಬಳಕೆ ಇಲ್ಲಿ ನಿಂತಿರೋದು ತೆರಿಗೆಯಿಂದ ಮಾತ್ರ ಅಲ್ಲ. ಯುಪಿಐ ಪುಕ್ಕಟೆ, ತಕ್ಷಣ, ಹಾಲಿನ ಬೂತಲ್ಲೂ ಇದೆ; ಅದನ್ನ ಸೋಲಿಸೋಕೆ ಕ್ರಿಪ್ಟೊ ಹತ್ರ ಏನೂ ಇಲ್ಲ. ಎಲ್ ಸಾಲ್ವಡಾರಲ್ಲಿ 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ ಅಧಿಕೃತ ಹಣ ಅಂತ ಕಾನೂನೇ ಮಾಡಿ, ಸರ್ಕಾರದ ಚೀವೊ ವ್ಯಾಲೆಟ್ ಹಾಕ್ಕೊಂಡವರಿಗೆ 30 ಡಾಲರ್ ಕೊಟ್ರು. 2025ರ ಜನವರಿಯಲ್ಲಿ ಐಎಂಎಫ್ ಸಾಲದ ಷರತ್ತಿಗೆ ಅದೇ ಕಾನೂನು ತಿದ್ದಿ, ಅಂಗಡಿಯವರು ಬೇಕಿದ್ರೆ ತಗೊಳ್ಳಲಿ ಅಂದ್ರು.

ಬೆಂಗಳೂರಲ್ಲೂ ಒಂದು ಪ್ರಯತ್ನ ಆಗಿತ್ತು. 2018ರ ಏಪ್ರಿಲಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂದು ಎಕ್ಸ್‌ಚೇಂಜ್‌ಗಳಿಗೆ ಬ್ಯಾಂಕ್ ಬಾಗಿಲು ಮುಚ್ಚಿದಾಗ, ನಗದು ಹಾಕಿ ತೆಗೆಯೋ ಕಿಯೋಸ್ಕನ್ನ ಯುನೊಕಾಯಿನ್ ಕಂಪನಿ ಹಳೇ ಏರ್‌ಪೋರ್ಟ್ ರಸ್ತೆಯ ಮಾಲಲ್ಲಿ ಇಟ್ಟಿತ್ತು. ಅಕ್ಟೋಬರಲ್ಲೇ ಪೊಲೀಸರು ಎತ್ಕೊಂಡು ಹೋದ್ರು. ಸುತ್ತೋಲೆಯನ್ನ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2020ರ ಮಾರ್ಚ್ 4ಕ್ಕೆ.

ಈಗ ಎರಡನೇ ಕೈ, ಕಾಯಿನ್ ಹೊರಡಿಸಿದ ಕಂಪನಿ. ಬ್ಯಾಂಕ್ ಖಾತೆ ಫ್ರೀಜ್ ಮಾಡುತ್ತೆ ಅಂತ ಯುಎಸ್‌ಡಿಟಿಗೆ ಬರೋರು ಇದನ್ನ ಮರೀತಾರೆ: ಟೆದರ್ ಕಂಪನಿಗೂ ಯಾವ ವಿಳಾಸವನ್ನ ಬೇಕಾದ್ರೂ ಫ್ರೀಜ್ ಮಾಡೋ ಗುಂಡಿ ಕಾಂಟ್ರ್ಯಾಕ್ಟಲ್ಲೇ ಇದೆ, ಪೊಲೀಸರ ಕೋರಿಕೆ ಮೇಲೆ ಒತ್ತುತ್ತಲೂ ಇದೆ. ಬ್ಯಾಂಕ್ ಮುಳುಗೋ ಭಯಕ್ಕೆ ಬರೋರಿಗೆ 2023ರ ಮಾರ್ಚ್ ಸಾಕು. ಯುಎಸ್‌ಡಿಟಿಯಂಥದ್ದೇ ಇನ್ನೊಂದು ಡಾಲರ್ ಕಾಯಿನ್ ಯುಎಸ್‌ಡಿಸಿ. ಅದರ ಹಿಂದಿನ ಮೀಸಲಲ್ಲಿ 330 ಕೋಟಿ ಡಾಲರ್ ಅಮೆರಿಕದಲ್ಲಿ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕಲ್ಲಿ ಸಿಕ್ಕಿಬಿತ್ತು ಅಂತ ಗೊತ್ತಾದ ಕೂಡಲೇ ಒಂದು ಡಾಲರಿನ ಕಾಯಿನ್ 88 ಸೆಂಟಿಗಿಂತ ಕೆಳಗೆ ಹೋಯ್ತು. ಅಮೆರಿಕ ಸರ್ಕಾರ ಠೇವಣಿ ಪೂರ್ತಿ ಕೊಡ್ತೀವಿ ಅಂದ ಮೇಲೆ ಮೇಲೆದ್ದಿತು.

ಇನ್ನು ನಿಮ್ಮದೇ ಕೈಯಲ್ಲಿ ಕೆಡೋದು. ನಮ್ಮ ಕಡೆ ಹೆಚ್ಚು ಓಡೋದು ಟ್ರಾನ್ ಜಾಲದ ಯುಎಸ್‌ಡಿಟಿ, ಟಿಆರ್‌ಸಿ-20. ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರು, ಒಟ್ಟು 34 ಅಕ್ಷರ. ಇದನ್ನ ಕಳಿಸೋಕೆ ವ್ಯಾಲೆಟ್ಟಲ್ಲಿ ಸಾಮಾನ್ಯವಾಗಿ ಟಿಆರ್‌ಎಕ್ಸ್ (ಟ್ರಾನ್ ಜಾಲದ ಸ್ವಂತ ಕಾಯಿನ್) ಬೇಕು. 500 ಯುಎಸ್‌ಡಿಟಿ ಇದೆ, ಕಳಿಸೋಕಾಗ್ತಿಲ್ಲ ಅನ್ನೋರಲ್ಲಿ ಬಹುಪಾಲು ಇದೇ ಕಾರಣ. ಒಂದು ವರ್ಗಾವಣೆಗೆ ಸುಮಾರು 65,000 ಎನರ್ಜಿ (ಆ ಜಾಲದ ಶುಲ್ಕದ ಅಳತೆ). ತಗೊಳ್ಳೋ ವಿಳಾಸದಲ್ಲಿ ಯುಎಸ್‌ಡಿಟಿ ಒಂದಿಷ್ಟೂ ಇಲ್ಲದಿದ್ರೆ ಹತ್ತಿರ ಹತ್ತಿರ ಎರಡರಷ್ಟು. 2025ರ ಆಗಸ್ಟ್ ಕೊನೆಗೆ ಒಂದು ಎನರ್ಜಿಯ ಬೆಲೆ 210 ಸನ್‌ನಿಂದ 100ಕ್ಕೆ ಇಳೀತು. ಹತ್ತು ಲಕ್ಷ ಸನ್ ಅಂದ್ರೆ ಒಂದು ಟಿಆರ್‌ಎಕ್ಸ್. ಆ ದರದಲ್ಲಿ 6.5 ಅಥವಾ 13 ಟಿಆರ್‌ಎಕ್ಸ್ ಸುಡುತ್ತೆ. 15 ಇಟ್ಕೊಳ್ಳಿ, ಕಡಿಮೆ ಬಿದ್ರೆ ವರ್ಗಾವಣೆ ವಿಫಲ ಆಗುತ್ತೆ, ಸುಟ್ಟ ಶುಲ್ಕ ವಾಪಸ್ ಬರಲ್ಲ.

ಇದೇ ತೊಡಕನ್ನ ಬಳಸಿ ಒಂದು ಗಾಳ ಓಡ್ತಿದೆ. ಯಾರೋ ದಡ್ಡನ ಥರ ಟೆಲಿಗ್ರಾಂನಲ್ಲಿ "ನನ್ನ ಸೀಡ್ ಇದು, ಯುಎಸ್‌ಡಿಟಿ ತೆಗೆಯೋದು ಹೇಗೆ?" ಅಂತ ವ್ಯಾಲೆಟ್ ತೆರೆಯೋ ಹನ್ನೆರಡು ಪದ ಹಾಕ್ತಾನೆ. ತೆರೆದ್ರೆ ಒಳಗೆ ನಿಜಕ್ಕೂ ಸಾವಿರಾರು ಯುಎಸ್‌ಡಿಟಿ, ಟಿಆರ್‌ಎಕ್ಸ್ ಮಾತ್ರ ಸೊನ್ನೆ. ಶುಲ್ಕಕ್ಕೆ ಅಂತ ನೀವು 20 ಟಿಆರ್‌ಎಕ್ಸ್ ಹಾಕ್ತೀರಿ. ಆ ವ್ಯಾಲೆಟ್ಟಿನ ಸಹಿ ಅಧಿಕಾರ ಬೇರೆ ವಿಳಾಸದ ಹತ್ರ ಇರುತ್ತೆ, ಸೀಡಿಂದ ಏನೂ ಆಗಲ್ಲ. ಕದಿಯೋಕೆ ಹೋದವನ 20 ಟಿಆರ್‌ಎಕ್ಸ್ ಹೋಯ್ತು.

ಪ್ರಾಮಾಣಿಕರಿಗೆ ಹೊಡೆಯೋದು ವಿಳಾಸ ವಿಷ. ನೀವು ಒಂದು ವಿಳಾಸಕ್ಕೆ ದುಡ್ಡು ಕಳಿಸಿದ ಸ್ವಲ್ಪ ಹೊತ್ತಿಗೇ ಮೊದಲ ಮತ್ತು ಕೊನೆಯ ನಾಲ್ಕೈದು ಅಕ್ಷರ ಅದೇ ಇರೋ ಬೇರೆ ವಿಳಾಸದಿಂದ ಸೊನ್ನೆ ಅಥವಾ ಚಿಲ್ಲರೆ ಮೊತ್ತದ ವಹಿವಾಟು ನಿಮ್ಮ ಇತಿಹಾಸದಲ್ಲಿ ಕೂರುತ್ತೆ. ವ್ಯಾಲೆಟ್ ಪರದೆ ನಡುವಿನ ಅಕ್ಷರಗಳನ್ನ ಚುಕ್ಕೆ ಹಾಕಿ ಮುಚ್ಚಿರುತ್ತೆ. ಮುಂದಿನ ಸಲ ಇತಿಹಾಸದಿಂದ ಕಾಪಿ ಮಾಡಿದ್ರೆ ಹಣ ಅವನಿಗೆ. ಇತಿಹಾಸದಿಂದ ಯಾವತ್ತೂ ಕಾಪಿ ಮಾಡಬೇಡಿ, ಅಡ್ರೆಸ್ ಬುಕ್ ಮಾಡ್ಕೊಳ್ಳಿ, ನಡುವಿನ ಆರು ಅಕ್ಷರನೂ ಓದಿ, ದೊಡ್ಡ ಮೊತ್ತಕ್ಕೆ ಮೊದಲು 5 ಯುಎಸ್‌ಡಿಟಿ ಕಳಿಸಿ ಎದುರಿನವರಿಂದ ಖಾತ್ರಿ ತಗೊಳ್ಳಿ.

ಲೆಕ್ಕದಪುಸ್ತಕ

ಅಂದ್ರೆ ಬಿಟ್‌ಕಾಯಿನ್ ಮಾತ್ರ ಇಟ್ಕೊಂಡು, ಸ್ವಂತ ವ್ಯಾಲೆಟ್ಟಲ್ಲಿ ಇಟ್ಕೊಂಡ್ರೆ ಮೊದಲೆರಡು ಕೈ ಕಳಚುತ್ತೆ. ಆಮೇಲೆ ಉಳಿಯೋದು ಸೀಡ್ ಮತ್ತು ವಾರಸುದಾರರ ಪ್ರಶ್ನೆ. ನಾಮಿನಿ ಹೇಗೆ ಮಾಡೋದು?

ಬ್ಲಾಕ್ ಎಣಿಸೋನು

ನಾಮಿನಿ ಅನ್ನೋದೇ ಇಲ್ಲ. ಬ್ಯಾಂಕಲ್ಲಿ ಮರಣ ಪ್ರಮಾಣಪತ್ರ, ನಾಮಿನೇಶನ್ ಇದ್ರೆ ಹಣ ಸಿಗುತ್ತೆ, ಡಿಮ್ಯಾಟಲ್ಲೂ ಹಾಗೇ. ಎಕ್ಸ್‌ಚೇಂಜಲ್ಲಿದ್ರೆ ವಾರಸಾ ಪ್ರಮಾಣಪತ್ರ ಹಿಡ್ಕೊಂಡು ಕೇಳಬಹುದು. ಸ್ವಂತ ವ್ಯಾಲೆಟ್ಟಿಗೆ ಕೋರ್ಟ್ ಆದೇಶ ತಂದ್ರೂ ತೆರೆಯೋರು ಯಾರೂ ಇಲ್ಲ, ಸೀಡ್ ಬೇಕು.

ಸೀಡ್ ಅಂದ್ರೆ 2,048 ಇಂಗ್ಲಿಷ್ ಪದಗಳ ನಿಗದಿತ ಪಟ್ಟಿಯಿಂದ 12 ಅಥವಾ 24 ಪದ, ಕ್ರಮ ತಪ್ಪದೆ. ಪ್ರತಿ ಪದವನ್ನೂ ಮೊದಲ ನಾಲ್ಕು ಅಕ್ಷರದಲ್ಲೇ ಗುರುತಿಸಬಹುದು, ಹಾಗಾಗಿ ಸ್ಟೀಲ್ ತಗಡಿನ ಮೇಲೆ ನಾಲ್ಕೇ ಅಕ್ಷರ ಗುದ್ದಿದ್ರೆ ಸಾಕು. ಫೋಟೊ ತೆಗೀಬೇಡಿ, ಗೂಗಲ್ ಫೋಟೋಸಿಗೆ ಹೋದ ಕ್ಷಣದಿಂದ ಅದು ನಿಮ್ಮದಲ್ಲ. ಕ್ರಮ ಬದಲಿಸಿ ಬರೆಯೋದು, ಒಂದು ಪದ ಬಿಟ್ಟು ಬರೆಯೋದು ಇಂಥ ಜಾಣತನ ಬೇಡ, ಹತ್ತು ವರ್ಷದ ಮೇಲೆ ಅದನ್ನ ಬಿಡಿಸೋಕೆ ನಿಮ್ಮ ಕೈಲೇ ಆಗಲ್ಲ.

ಬರೆದಾದ ಮೇಲೆ ದುಡ್ಡು ಹಾಕೋ ಮುಂಚೆನೇ ವ್ಯಾಲೆಟ್ ಅಳಿಸಿ, ಬರೆದದ್ದನ್ನ ನೋಡ್ಕೊಂಡೇ ಮತ್ತೆ ತೆರೀರಿ. ಮೊದಲ ವಿಳಾಸ ಅದೇ ಬಂದ್ರೆ ಸರಿ. ಪಾಸ್‌ಫ್ರೇಸ್ (ಸೀಡಿನ ಜೊತೆ ನೀವೇ ಹಾಕೋ ಇನ್ನೊಂದು ಗುಟ್ಟಿನ ಪದ) ಸೇರಿಸಿದ್ರೆ ಅದನ್ನೂ ಬೇರೆ ಜಾಗದಲ್ಲಿ ಬರೆದಿಡಿ. ಒಂದು ಅಕ್ಷರ ತಪ್ಪಿದ್ರೂ "ತಪ್ಪು" ಅಂತ ಹೇಳಲ್ಲ, ಖಾಲಿ ವ್ಯಾಲೆಟ್ ತೋರಿಸುತ್ತೆ. ವಿಲ್‌ನಲ್ಲಿ ಸೀಡ್ ಬರೀಬೇಡಿ, ಅದು ನಾಲ್ಕು ಜನರ ಕೈಗೆ ಹೋಗೋ ಕಾಗದ. "ಇಂಥ ವ್ಯಾಲೆಟ್ ಇದೆ, ತಗಡು ಇಂಥ ಲಾಕರಲ್ಲಿದೆ, ಪಾಸ್‌ಫ್ರೇಸ್ ಇಂಥವರ ಹತ್ರ ಇದೆ" ಅಂತಷ್ಟೇ ಬರೀರಿ.

ಧಾರವಾಡ ಪೇಡೆ

ಲಾಕರ್ ಅಂದ್ರ ಬ್ಯಾಂಕಿಂದಾ ಏನ್ರಿ?

ಬ್ಲಾಕ್ ಎಣಿಸೋನು

ಹೌದು ರೀ, ಬ್ಯಾಂಕಿಂದೇ. ಲಾಕರಿಗೆ ನಾಮಿನಿ ಹಾಕ್ಸೋದು ಮರೀಬೇಡ್ರಿ.